ಜೀವವಿಜ್ಞಾನಿಯೊಬ್ಬರ ಸಂಶೋಧನೆಯನ್ನು ಅಳೆಯುವ ಬಗೆ

ಒಬ್ಬ ಜೀವವಿಜ್ಞಾನಿ ಎಷ್ಟು ಪ್ರಕಟಿಸಿದ್ದಾರೆ, ಯಾರೊಂದಿಗೆ ಸೇರಿ ಕೆಲಸ ಮಾಡಿದ್ದಾರೆ, ಅವರ ಲೇಖನಗಳನ್ನು ಇತರರು ಎಷ್ಟರಮಟ್ಟಿಗೆ ಬಳಸಿಕೊಂಡಿದ್ದಾರೆ ಎಂಬುದನ್ನು ಅಳೆದು ಹೇಳಬೇಕಾದ ಸಂದರ್ಭ ನೇಮಕಾತಿ ಸಮಿತಿಯ ಸದಸ್ಯರಿಗೆ, ಅನುದಾನದ ಅರ್ಜಿಗಳನ್ನು ಪರಿಶೀಲಿಸುವವರಿಗೆ, ವಿಭಾಗದ ವಾರ್ಷಿಕ ವರದಿ ಸಿದ್ಧಪಡಿಸುವ ಗ್ರಂಥಪಾಲಕರಿಗೆ ಬಂದೇ ಬರುತ್ತದೆ. ವಿದ್ವತ್ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್ ತೆರೆದು, ಪುಟದ ಬದಿಯಲ್ಲಿ ಕಾಣುವ ಎಚ್-ಸೂಚ್ಯಂಕವನ್ನು (ಲೇಖನಗಳಿಗೆ ಬಂದ ಉಲ್ಲೇಖಗಳಿಂದ ಪಡೆಯುವ ಒಂದು ಸಂಖ್ಯೆ) ಬರೆದುಕೊಳ್ಳುವುದು ಸುಲಭದ ದಾರಿ. ಆದರೆ ಆ ಸಂಖ್ಯೆಯ ಹಿಂದಿರುವ ಪಟ್ಟಿಯಲ್ಲಿ ಅದೇ ಹೆಸರಿನ ಬೇರೊಬ್ಬರ ಲೇಖನಗಳು ಸೇರಿಕೊಂಡಿವೆಯೇ, ಒಂದೇ ಲೇಖನ ಎರಡು ಬಾರಿ ಎಣಿಕೆಯಾಗಿದೆಯೇ ಎಂದು ನೋಡದೆ ಬರೆದುಕೊಂಡ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಲಾಗದು. ಸಮಯದ ಬಹುಪಾಲನ್ನು ಪಟ್ಟಿಯ ಮೇಲೆ ವ್ಯಯಿಸಬೇಕು. ಪಟ್ಟಿ ಸರಿಯಾಗಿದ್ದರೆ ಲೆಕ್ಕ ಹಾಕುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಇಲ್ಲಿ ಉದಾಹರಣೆಯಾಗಿ ಜಿ. ಎನ್. ರಾಮಚಂದ್ರನ್ (1922–2001) ಅವರನ್ನು ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಅವರು, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕೊಲಾಜನ್ ಪ್ರೋಟೀನಿನ ಮೂರೆಳೆಯ ರಚನೆಯನ್ನೂ ಪ್ರೋಟೀನ್ ಸರಪಳಿಗಳು ಯಾವ ಕೋನಗಳಲ್ಲಿ ಬಾಗಬಲ್ಲವು ಎಂಬುದನ್ನೂ ವಿವರಿಸಿ, ಅನಂತರ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನ ಘಟಕವನ್ನು ಕಟ್ಟಿದರು. ಅಳೆಯುವವರನ್ನು ದಾರಿ ತಪ್ಪಿಸುವ ಸಂಗತಿಗಳು ಬಹುತೇಕ ಎಲ್ಲವೂ ಅವರ ವೃತ್ತಿಜೀವನದಲ್ಲಿವೆ.

ಲೆಕ್ಕಕ್ಕೆ ಇಳಿಯುವ ಮೊದಲು, ಉತ್ತರ ಬೇಕಾಗಿರುವುದು ಯಾವ ಪ್ರಶ್ನೆಗೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಕಳೆದ ಐದು ವರ್ಷಗಳಲ್ಲಿ ಪ್ರಯೋಗಾಲಯ ಎಷ್ಟು ಚುರುಕಾಗಿದೆ ಎಂಬುದು ಒಂದು ಪ್ರಶ್ನೆ; ಇವರ ಕೆಲಸದಿಂದ ಕ್ಷೇತ್ರದಲ್ಲಿ ಏನು ಬದಲಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇತ್ತೀಚಿನ ಲೇಖನಗಳಷ್ಟೇ ಸಾಕು. ಎರಡನೆಯದಕ್ಕೆ ಇಡೀ ವೃತ್ತಿಜೀವನ ಬೇಕು, ಸಂಖ್ಯೆಗಳಾಚೆಗಿನ ಓದೂ ಬೇಕು.

ಹೆಸರು ಮತ್ತು ಪಟ್ಟಿ

ದಕ್ಷಿಣ ಭಾರತದ ವಿಜ್ಞಾನಿಗಳ ವಿಷಯದಲ್ಲಿ ಮೊದಲ ತೊಡಕು ಹೆಸರಿನದೇ. ರಾಮಚಂದ್ರನ್ ಎಂಬುದು ವ್ಯಕ್ತಿಯ ಸ್ವಂತ ಹೆಸರು. ಅದಕ್ಕೂ ಮೊದಲು ಬರುವ ಜಿ., ಎನ್. ಎಂಬ ಎರಡು ಅಕ್ಷರಗಳು ಗೋಪಾಲಸಮುದ್ರಂ ಎಂಬ ಊರನ್ನೂ ನಾರಾಯಣನ್ ಎಂಬ ತಂದೆಯ ಹೆಸರನ್ನೂ ಸೂಚಿಸುತ್ತವೆ. ಡೇಟಾಬೇಸುಗಳಾದರೋ ಕೊನೆಯ ಪದವನ್ನೇ ಮನೆತನದ ಹೆಸರೆಂದು ಹಿಡಿದು, ಉಳಿದದ್ದನ್ನು ಮೊದಲಕ್ಷರಗಳಿಗೆ ಇಳಿಸಿಬಿಡುತ್ತವೆ. ವೈದ್ಯಕೀಯ ಮತ್ತು ಜೀವವಿಜ್ಞಾನ ಲೇಖನಗಳ ಡೇಟಾಬೇಸಾದ ಪಬ್‌ಮೆಡ್‌ನಲ್ಲಿ ಲೇಖಕರ ಪೂರ್ಣ ಹೆಸರು ದಾಖಲಾಗತೊಡಗಿದ್ದು 2002ರಿಂದ ಈಚೆಗೆ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಇರುವುದು ಮೊದಲಕ್ಷರಗಳು ಮಾತ್ರ. ರಾವ್, ಹೆಗಡೆ, ಪಾಟೀಲ, ಶೆಟ್ಟಿ ಎಂಬ ಹೆಸರುಗಳ ಗತಿಯನ್ನು ಹೇಳಬೇಕಾಗಿಯೇ ಇಲ್ಲ. ಒಬ್ಬರೇ ಒಂದು ಲೇಖನದಲ್ಲಿ ಒಂದು ಇನಿಷಿಯಲ್, ಮತ್ತೊಂದರಲ್ಲಿ ಎರಡು, ಮದುವೆಯ ಬಳಿಕ ಬೇರೊಂದು ಹೆಸರು ಬಳಸಿರುವುದೂ ಸಾಮಾನ್ಯ.

ಆದ್ದರಿಂದ ಹುಡುಕಾಟವನ್ನು ಹೆಸರಿನಿಂದಲ್ಲ, ಗುರುತಿನ ಸಂಖ್ಯೆಯಿಂದ ಆರಂಭಿಸಿ. 2012ರಲ್ಲಿ ಆರಂಭವಾದ ಓರ್ಕಿಡ್ ಪ್ರತಿಯೊಬ್ಬ ಸಂಶೋಧಕರಿಗೂ 16 ಅಂಕಿಗಳ ಒಂದು ಗುರುತನ್ನು ಉಚಿತವಾಗಿ ಕೊಡುತ್ತದೆ, ಮತ್ತು ವಿಜ್ಞಾನಿಯೇ ಅದನ್ನು ನಿರ್ವಹಿಸುತ್ತಿದ್ದರೆ ಅಲ್ಲಿನ ಪಟ್ಟಿ ಒಳ್ಳೆಯ ತಳಹದಿಯಾಗುತ್ತದೆ. ಹಲವರು ಗುರುತು ಪಡೆದು ಪಟ್ಟಿಯನ್ನು ಖಾಲಿ ಬಿಟ್ಟಿರುತ್ತಾರೆ ಎಂಬುದೂ ನಿಜ. ಓರ್ಕಿಡ್ ಇಲ್ಲದ ಹಿರಿಯರಿಗೆ ಅಥವಾ ರಾಮಚಂದ್ರನ್ ಅವರಂತೆ ಗತಿಸಿದವರಿಗೆ ಹೆಸರು, ಸಂಸ್ಥೆ, ಸಹಲೇಖಕರು, ವಿಷಯ ಈ ನಾಲ್ಕನ್ನೂ ಒಟ್ಟಿಗೆ ಹೊಂದಿಸಿ ನೋಡದೆ ಗತ್ಯಂತರವಿಲ್ಲ. ವಿಜ್ಞಾನಿಯ ಸ್ವಂತ ಸಿ.ವಿ. ದೊರೆತರೆ ಪ್ರತಿ ನಮೂದನ್ನೂ ಅದರೊಂದಿಗೆ ತಾಳೆ ನೋಡಿ.

ಒಂದೇ ಡೇಟಾಬೇಸನ್ನು ನಂಬಿ ಕೂರಬಾರದು. ಪಬ್‌ಮೆಡ್ ವೈದ್ಯಕೀಯ ಮತ್ತು ಜೀವವಿಜ್ಞಾನದ ನಿಯತಕಾಲಿಕಗಳಲ್ಲಿ ಗಟ್ಟಿ. ಆದರೆ ರಾಮಚಂದ್ರನ್ ಅವರ ಆರಂಭದ ಸ್ಫಟಿಕ ಭೌತವಿಜ್ಞಾನದ ಕೆಲಸವನ್ನು ಅಲ್ಲಿ ಅರಸುವುದು ವ್ಯರ್ಥ. ವೆಬ್ ಆಫ್ ಸೈನ್ಸ್ ಮತ್ತು ಸ್ಕೋಪಸ್ ಆಯ್ದ ನಿಯತಕಾಲಿಕಗಳನ್ನು ಒಳಗೊಳ್ಳುತ್ತವೆ, ಚಂದಾ ಕೇಳುತ್ತವೆ. ಗೂಗಲ್ ಸ್ಕಾಲರ್ ಎಲ್ಲಕ್ಕಿಂತ ವಿಶಾಲ. ಪ್ರಬಂಧ, ವರದಿ, ಪುಸ್ತಕದ ಅಧ್ಯಾಯ ಎಲ್ಲವನ್ನೂ ಬಾಚಿಕೊಳ್ಳುವುದರಿಂದ ಅಲ್ಲಿನ ಉಲ್ಲೇಖಗಳ ಸಂಖ್ಯೆ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಕಸವೂ ಹೆಚ್ಚಿರುತ್ತದೆ. 2022ರಲ್ಲಿ ಬಂದ ಓಪನ್‌ಅಲೆಕ್ಸ್ ಉಚಿತವಾಗಿದ್ದು, ದತ್ತಾಂಶವನ್ನು ಇಡಿಯಾಗಿ ಇಳಿಸಿಕೊಳ್ಳಲು ಬಿಡುತ್ತದೆ. ಚಂದಾ ಕಟ್ಟಲಾಗದ ಕಾಲೇಜುಗಳಿಗೆ ನಾನು ಸೂಚಿಸುವುದು ಇದನ್ನೇ.

ಪಟ್ಟಿ ಕೈಸೇರಿದ ಮೇಲೆ ಅದನ್ನು ಡಿಒಐ ಸಂಖ್ಯೆಯ (ಪ್ರತಿ ಪ್ರಕಟಣೆಗೂ ಕೊಡುವ ಶಾಶ್ವತ ಡಿಜಿಟಲ್ ಗುರುತು) ಆಧಾರದ ಮೇಲೆ ಜೋಡಿಸಿ, ಎರಡು ಬಾರಿ ಬಂದದ್ದನ್ನು ತೆಗೆಯಿರಿ. ಬಯೋಆರ್ಕೈವ್‌ನಂಥ ತಾಣದಲ್ಲಿರುವ ಪ್ರಿಪ್ರಿಂಟ್ (ನಿಯತಕಾಲಿಕದಲ್ಲಿ ಬರುವ ಮೊದಲೇ ಹಂಚಿದ ಕರಡು) ಮತ್ತು ಅದೇ ಲೇಖನದ ಅಂತಿಮ ಪ್ರಕಟಣೆ ಬೇರೆ ಬೇರೆ ಡಿಒಐ ಹೊಂದಿರುತ್ತವೆಯಾದ್ದರಿಂದ ಅವನ್ನು ಕಣ್ಣಿನಿಂದಲೇ ಗುರುತಿಸಿ ಒಂದುಗೂಡಿಸಬೇಕು. ಮೂಲ ಸಂಶೋಧನೆ, ವಿಮರ್ಶಾ ಲೇಖನ, ಸಂಪಾದಕೀಯ ಟಿಪ್ಪಣಿ, ಸಮ್ಮೇಳನದ ಸಾರಾಂಶ ಇವುಗಳಿಗೆ ಪ್ರತ್ಯೇಕ ಕಾಲಂ ಇರಲಿ, ಏಕೆಂದರೆ ವಿಮರ್ಶಾ ಲೇಖನಗಳು ಹೊಸದೇನನ್ನೂ ಕಂಡುಹಿಡಿಯದೆಯೂ ಮೂಲ ಲೇಖನಗಳಿಗಿಂತ ಹೆಚ್ಚು ಉಲ್ಲೇಖ ಗಳಿಸುವುದುಂಟು. ಹಿಂತೆಗೆದುಕೊಳ್ಳಲಾದ ಲೇಖನಗಳನ್ನು ರಿಟ್ರಾಕ್ಷನ್ ವಾಚ್ ದತ್ತಾಂಶದಲ್ಲಿ ಹುಡುಕಿ. 2023ರಿಂದ ಅದು ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಮುಕ್ತವಾಗಿದೆ. ಪ್ರೋಟೀನ್ ಡೇಟಾ ಬ್ಯಾಂಕಿಗೆ ಸಲ್ಲಿಸಿದ ರಚನೆಗಳು, ಜೆನ್‌ಬ್ಯಾಂಕಿನ ಅನುಕ್ರಮಗಳು, ಬರೆದ ತಂತ್ರಾಂಶ, ಶೋಧಗಂಗಾದಲ್ಲಿ ಸಿಗುವ ಶಿಷ್ಯರ ಪಿಎಚ್.ಡಿ. ಪ್ರಬಂಧಗಳು ಇವೂ ಜೀವವಿಜ್ಞಾನಿಯ ಉತ್ಪನ್ನಗಳೇ. ಅವನ್ನು ಪಟ್ಟಿಯ ಹೊರಗೆ ಬಿಡಬೇಡಿ.

ಸಹಲೇಖಕರು

ಜೀವವಿಜ್ಞಾನದಲ್ಲಿ ಲೇಖಕರ ಕ್ರಮಕ್ಕೆ ಅರ್ಥವಿದೆ. ಮೊದಲ ಹೆಸರು ಸಾಮಾನ್ಯವಾಗಿ ಪ್ರಯೋಗ ನಡೆಸಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಹಾಗಾಗಿ ಪ್ರತಿ ಲೇಖನದ ಮುಂದೆಯೂ ವಿಜ್ಞಾನಿಯ ಸ್ಥಾನ ಮೊದಲನೆಯದೋ ಕೊನೆಯದೋ ನಡುವಿನದೋ ಎಂದು ಗುರುತಿಸಿ, ಪತ್ರವ್ಯವಹಾರದ ಹೊಣೆ ಯಾರದೆಂಬುದನ್ನೂ ದಾಖಲಿಸಿ. 60 ಲೇಖನಗಳಲ್ಲಿ 50ರಲ್ಲಿ ನಡುವೆಯೇ ಇರುವವರು ಅಗತ್ಯವಾದ ಉಪಕರಣವನ್ನೋ ಸಂಖ್ಯಾಶಾಸ್ತ್ರದ ಪರಿಣತಿಯನ್ನೋ ಒದಗಿಸುವವರಾಗಿರಬಹುದು. ಅದು ಕೊರತೆಯಲ್ಲ, ಬೇರೆ ಬಗೆಯ ಕೆಲಸ. ಯಾರು ಏನು ಮಾಡಿದರೆಂದು 14 ಪಾತ್ರಗಳಲ್ಲಿ ಹೇಳುವ ಕ್ರೆಡಿಟ್ ವರ್ಗೀಕರಣವನ್ನು ಈಗ ಅನೇಕ ನಿಯತಕಾಲಿಕಗಳು ಲೇಖನದ ಕೊನೆಯಲ್ಲಿ ಅಚ್ಚು ಮಾಡುತ್ತವೆ. ಅದಿದ್ದಲ್ಲಿ ಊಹೆಯ ಅಗತ್ಯವಿಲ್ಲ.

ಎಣಿಕೆಯನ್ನು ಎರಡು ರೀತಿಯಲ್ಲಿ ಮಾಡಿ. ಪೂರ್ಣ ಎಣಿಕೆಯಲ್ಲಿ ಪ್ರತಿ ಲೇಖಕರಿಗೂ 1. ಭಾಗಶಃ ಎಣಿಕೆಯಲ್ಲಿ ಆ ಒಂದನ್ನು ಲೇಖಕರ ನಡುವೆ ಹಂಚಬೇಕು. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಮೂವರೂ ಸೇರಿ 1963ರಲ್ಲಿ ಪ್ರಕಟಿಸಿದ ಲೇಖನ ಭಾಗಶಃ ಎಣಿಕೆಯಲ್ಲಿ ಒಬ್ಬೊಬ್ಬರಿಗೂ ಮೂರನೇ ಒಂದು ಪಾಲು ಕೊಡುತ್ತದೆ. ಹಣ್ಣುನೊಣದ ಒಂದು ವರ್ಣತಂತುವಿನ ಕುರಿತು 2015ರಲ್ಲಿ ಬಂದ ಲೇಖನವೊಂದಕ್ಕೆ 1,014 ಲೇಖಕರಿದ್ದರು, ಅವರಲ್ಲಿ 900ಕ್ಕೂ ಹೆಚ್ಚು ಜನ ಪದವಿ ವಿದ್ಯಾರ್ಥಿಗಳು. ಎರಡು ಎಣಿಕೆಗಳ ನಡುವಿನ ಅಂತರ ದೊಡ್ಡದಾಗಿದ್ದರೆ ಆ ವಿಜ್ಞಾನಿ ದೊಡ್ಡ ತಂಡಗಳ ಭಾಗವಾಗಿ ಕೆಲಸ ಮಾಡಿದ್ದಾರೆಂದು ತಿಳಿಯುತ್ತದೆ.

ಸಹಯೋಗದ ಜಾಲವನ್ನು ಚಿತ್ರಿಸಲು ಲೈಡನ್ ವಿಶ್ವವಿದ್ಯಾಲಯದ ವಾಸ್‌ವ್ಯೂವರ್ ಎಂಬ ಉಚಿತ ತಂತ್ರಾಂಶ ಸಾಕು. ಚಿತ್ರ ಬಿಡಿಸುವ ಮುನ್ನ ಬೃಹತ್ ತಂಡಗಳ ಲೇಖನಗಳನ್ನು ಬದಿಗಿಡಿ: ಮೇಲೆ ಹೇಳಿದ ಒಂದೇ ಲೇಖನ 5,13,591 ಜೋಡಿಗಳನ್ನು ಜಾಲಕ್ಕೆ ಸೇರಿಸಿ, ಉಳಿದ ಸಂಬಂಧಗಳೆಲ್ಲವನ್ನೂ ಮುಚ್ಚಿಹಾಕುತ್ತದೆ. ಒಟ್ಟು ಸಹಲೇಖಕರ ಸಂಖ್ಯೆಗಿಂತ, ಎರಡಕ್ಕಿಂತ ಹೆಚ್ಚು ಬಾರಿ ಜೊತೆಗೂಡಿದವರು ಯಾರು, ಅವರಲ್ಲಿ ಸ್ವಂತ ವಿದ್ಯಾರ್ಥಿಗಳೆಷ್ಟು, ಹೊರಗಿನ ಸಂಸ್ಥೆಯವರೆಷ್ಟು, ವಿದೇಶದವರೆಷ್ಟು ಎಂಬುದು ಹೆಚ್ಚು ಹೇಳುತ್ತದೆ.

ಉಲ್ಲೇಖಗಳು

ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕವನ್ನು ಕೈಯಿಂದಲೇ ಲೆಕ್ಕ ಹಾಕಬಹುದು. ಕನಿಷ್ಠ ಎಚ್ ಉಲ್ಲೇಖಗಳಾದರೂ ಇರುವ ಎಚ್ ಲೇಖನಗಳು ಇರುವಂಥ ಅತಿ ದೊಡ್ಡ ಸಂಖ್ಯೆಯೇ ಎಚ್. ಲೇಖನಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿ: 120, 45, 22, 9, 7, 6, 3, 1, 0 ಎಂದಿರಲಿ. ಆರನೆಯ ಲೇಖನಕ್ಕೆ 6 ಉಲ್ಲೇಖಗಳಿವೆ, ಏಳನೆಯದಕ್ಕೆ 7 ಇಲ್ಲ. ಆದ್ದರಿಂದ ಎಚ್ 6. ಮೊದಲ ಲೇಖನದ 120ರ ಬದಲು 12,000 ಇದ್ದರೂ ಎಚ್ ಆರೇ ಆಗಿರುತ್ತದೆ ಎಂಬುದನ್ನು ಗಮನಿಸಿ. ಅಲ್ಲದೆ ಈ ಸಂಖ್ಯೆ ಎಂದೂ ಇಳಿಯುವುದಿಲ್ಲ, ಸಂಶೋಧನೆ ನಿಲ್ಲಿಸಿದವರಿಗೂ ಏರುತ್ತಲೇ ಇರಬಹುದು. ಬೇರೆ ಬೇರೆ ವಯಸ್ಸಿನವರನ್ನು ಹೋಲಿಸುವಾಗ ಅದನ್ನು ಮೊದಲ ಪ್ರಕಟಣೆಯಿಂದ ಕಳೆದ ವರ್ಷಗಳಿಂದ ಭಾಗಿಸುವುದು ಹಿರ್ಶ್ ಅವರೇ ತೋರಿದ ಉಪಾಯ.

ಕ್ಷೇತ್ರಗಳ ನಡುವಿನ ಹೋಲಿಕೆಗೆ ಇದಾವುದೂ ಒದಗುವುದಿಲ್ಲ. ಕ್ಯಾನ್ಸರ್ ಜೀವವಿಜ್ಞಾನದಲ್ಲಿ ಬರೆಯುವವರು ಬಹಳ ಮಂದಿ, ಆದ್ದರಿಂದ ಉಲ್ಲೇಖಿಸುವವರೂ ಬಹಳ. ಪಶ್ಚಿಮ ಘಟ್ಟದ ಹೊಸ ಕಪ್ಪೆಯೊಂದನ್ನು ವಿವರಿಸಿದ ವರ್ಗೀಕರಣ ತಜ್ಞರ ಲೇಖನ ಹಾಗಲ್ಲ. ಆ ಪ್ರಭೇದದ ಹೆಸರನ್ನು ಮುಂದೆ ಎಷ್ಟೋ ಜನ ಬಳಸಿದರೂ ಮೂಲ ಲೇಖನವನ್ನು ಉಲ್ಲೇಖಪಟ್ಟಿಯಲ್ಲಿ ಸೇರಿಸುವ ರೂಢಿ ಕಡಿಮೆ. ಈ ಅಸಮತೆಯನ್ನು ತಕ್ಕಮಟ್ಟಿಗೆ ಸರಿಪಡಿಸಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್‌ನ ಐಸೈಟ್ ತಾಣದಲ್ಲಿ ಸಾಪೇಕ್ಷ ಉಲ್ಲೇಖ ಅನುಪಾತ ಸಿಗುತ್ತದೆ. ಲೇಖನವೊಂದರ ಜೊತೆಗೆ ಯಾವ ಯಾವ ಲೇಖನಗಳು ಉಲ್ಲೇಖಗೊಳ್ಳುತ್ತವೆಯೋ ಅವುಗಳಿಂದಲೇ ಅದರ ಕ್ಷೇತ್ರವನ್ನು ಗುರುತಿಸುವ ಈ ಅಳತೆಯಲ್ಲಿ, ಎನ್‌ಐಎಚ್ ಅನುದಾನದ ಲೇಖನಗಳ ಮಧ್ಯಾಂಕವೇ 1.0, ಲೇಖನವೊಂದಕ್ಕೆ 2.0 ಬಂದರೆ ಅದಕ್ಕೆ ಅದರ ಎರಡರಷ್ಟು ವೇಗದಲ್ಲಿ ಉಲ್ಲೇಖಗಳು ಸಿಗುತ್ತಿವೆ ಎಂದರ್ಥ. ಪಬ್‌ಮೆಡ್ ಸಂಖ್ಯೆಗಳನ್ನು ಅಂಟಿಸಿದರೆ ಪಟ್ಟಿ ಸಿದ್ಧ. ಸರಾಸರಿಯ ಬದಲು ಲೇಖನಗಳ ಮಧ್ಯಾಂಕವನ್ನು ವರದಿ ಮಾಡಿ, ಏಕೆಂದರೆ ಒಂದು ದೊಡ್ಡ ಲೇಖನ ಸರಾಸರಿಯನ್ನು ಎತ್ತರಕ್ಕೆ ಎಳೆದುಬಿಡುತ್ತದೆ.

ಉಲ್ಲೇಖ ಎಂದರೆ ಶ್ರೇಷ್ಠತೆ ಎಂದು ತಿಳಿಯುವವರು ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ವಿವರಿಸಿದ ಲೌರಿ ಮತ್ತು ಸಂಗಡಿಗರ 1951ರ ಲೇಖನ, 2014ರ ಎಣಿಕೆಯಲ್ಲಿ 3,05,000ಕ್ಕೂ ಹೆಚ್ಚು ಉಲ್ಲೇಖಗಳೊಂದಿಗೆ ಎಲ್ಲ ವಿಜ್ಞಾನಗಳಲ್ಲೂ ಮೊದಲ ಸ್ಥಾನದಲ್ಲಿತ್ತು. ಅದೊಂದು ಉಪಯುಕ್ತ ವಿಧಾನ, ಮಹಾ ಆವಿಷ್ಕಾರವೇನಲ್ಲ. ಇತ್ತ ಪ್ರೋಟೀನ್ ಸರಪಳಿ ಬಾಗಬಲ್ಲ ಕೋನಗಳನ್ನು ತೋರಿಸುವ, 1963ರ ಲೇಖನದಿಂದ ಬಂದ ರಾಮಚಂದ್ರನ್ ನಕ್ಷೆಯನ್ನು ಪ್ರೋಟೀನ್ ರಚನೆಯ ಗುಣಮಟ್ಟ ಪರೀಕ್ಷಿಸಲು ಜಗತ್ತಿನಾದ್ಯಂತ ಇಂದಿಗೂ ಬಳಸುತ್ತಾರೆ, ಪಠ್ಯಪುಸ್ತಕಗಳಲ್ಲಿ ಅಚ್ಚು ಹಾಕುತ್ತಾರೆ; ಆದರೆ ಆ ಲೇಖನವನ್ನು ಉಲ್ಲೇಖಿಸದೆ ಬರಿಯ ಹೆಸರು ಹೇಳಿ ಮುಂದೆ ಸಾಗುವವರು ಅನೇಕರು. ಹೀಗೆ ಜ್ಞಾನದಲ್ಲಿ ಕರಗಿಹೋದ ಕೆಲಸ ಯಾವ ಸೂಚ್ಯಂಕದಲ್ಲೂ ಪೂರ್ತಿ ಕಾಣಿಸದು. ಅದನ್ನು ಹಿಡಿಯಲು ಲೇಖನಗಳ ಪೂರ್ಣಪಠ್ಯದಲ್ಲಿ ಆ ವಿಧಾನದ ಹೆಸರನ್ನೇ ಹುಡುಕಬೇಕು.

ಸ್ವೋಲ್ಲೇಖಗಳನ್ನು (ಲೇಖಕರು ತಮ್ಮದೇ ಲೇಖನಗಳಿಗೆ ಕೊಟ್ಟ ಉಲ್ಲೇಖಗಳನ್ನು) ಕಳೆದು ಮತ್ತು ಕಳೆಯದೆ ಎರಡೂ ಸಂಖ್ಯೆಗಳನ್ನು ಕೊಡಿ. ಒಂದೇ ವಿಷಯವನ್ನು ಬೆಳೆಸುವವರು ತಮ್ಮ ಹಿಂದಿನ ಕೆಲಸವನ್ನು ಹೆಸರಿಸುವುದು ಸಹಜವಾದ್ದರಿಂದ ಅಸಹಜ ಪ್ರಮಾಣವನ್ನು ಮಾತ್ರ ಎತ್ತಿ ತೋರಿಸಿದರೆ ಸಾಕು. ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ವ್ಯಕ್ತಿಯ ಅಳತೆಗೆ ಬಳಸಲೇಬೇಡಿ. ಅದು ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿ ಪಡೆದ, ನಿಯತಕಾಲಿಕದ ಸರಾಸರಿ. ಆ ಸರಾಸರಿಯನ್ನು ಕೆಲವೇ ಲೇಖನಗಳು ಹೊತ್ತಿರುತ್ತವೆ, ಉಳಿದವು ಅದಕ್ಕಿಂತ ಕೆಳಗಿರುತ್ತವೆ. ನೇಮಕಾತಿ, ಬಡ್ತಿ, ಅನುದಾನಗಳಲ್ಲಿ ಇದನ್ನು ಕೈಬಿಡಬೇಕೆಂದು ಸಂಶೋಧನೆಯ ಮೌಲ್ಯಮಾಪನದ ಕುರಿತ 2013ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಸ್ಪಷ್ಟವಾಗಿ ಕೇಳಿದೆ. ಜಗತ್ತಿನ ಅಗ್ರ ಶೇಕಡಾ 2 ವಿಜ್ಞಾನಿಗಳ ಪಟ್ಟಿಯನ್ನು ನಮ್ಮ ಕಾಲೇಜುಗಳು ಫ್ಲೆಕ್ಸ್ ಹಾಕಿ ಸಂಭ್ರಮಿಸುವುದುಂಟು. ಸ್ಕೋಪಸ್ ದತ್ತಾಂಶದಿಂದ ಆರು ಉಲ್ಲೇಖ ಅಳತೆಗಳನ್ನು ಕೂಡಿಸಿ ಮಾಡಿದ ಆ ಪಟ್ಟಿಯಲ್ಲಿ ವೃತ್ತಿಜೀವನಕ್ಕೊಂದು, ಒಂದೇ ವರ್ಷಕ್ಕೊಂದು ಹೀಗೆ ಎರಡು ಭಾಗಗಳಿವೆ. ಹೆಸರು ಯಾವುದರಲ್ಲಿದೆ ಎಂದು ಕೇಳಿ.

ವರದಿಯಲ್ಲಿ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಡೇಟಾಬೇಸಿನ ಹೆಸರು, ದತ್ತಾಂಶ ತೆಗೆದ ದಿನಾಂಕ, ಪರಿಗಣಿಸಿದ ಅವಧಿ, ಕೈಬಿಟ್ಟ ಲೇಖನಗಳ ವಿವರ ಇರಬೇಕು. ಜೊತೆಗೆ ವಿಜ್ಞಾನಿಯೇ ಆರಿಸಿಕೊಟ್ಟ ಐದು ಲೇಖನಗಳನ್ನು ಓದಿ, ಅವನ್ನು ಉಲ್ಲೇಖಿಸಿದ ಕೆಲವು ಲೇಖನಗಳನ್ನೂ ತೆರೆದು, ಅವರು ಆ ಫಲಿತಾಂಶವನ್ನು ನಿಜವಾಗಿ ಬಳಸಿದ್ದಾರೆಯೇ, ಒಪ್ಪಿಲ್ಲವೇ, ಪೀಠಿಕೆಯಲ್ಲಿ ಹತ್ತರ ಜೊತೆ ಹನ್ನೊಂದನೆಯದಾಗಿ ಹೆಸರಿಸಿದ್ದಾರೆಯೇ ಎಂದು ಒಂದೆರಡು ವಾಕ್ಯ ಬರೆಯಿರಿ. ಕರಡನ್ನು ಸಮಿತಿಗೆ ಸಲ್ಲಿಸುವ ಮೊದಲು ಅಳತೆಗೊಳಗಾದವರಿಗೇ ಕಳುಹಿಸಿ, ಪಟ್ಟಿಯನ್ನು ತಿದ್ದಲು ಎರಡು ವಾರಗಳ ಅವಕಾಶ ಕೊಡಿ. ತಮ್ಮ ಕುರಿತ ದತ್ತಾಂಶವನ್ನು ಪರಿಶೀಲಿಸುವ ಅವಕಾಶ ಅವರಿಗೆ ಇರಬೇಕೆಂಬುದು ಸಂಶೋಧನೆಯ ಅಳತೆಗಳನ್ನು ಬಳಸುವ ರೀತಿಯ ಕುರಿತ 2015ರ ಲೈಡನ್ ಪ್ರಣಾಳಿಕೆಯ ಹತ್ತು ತತ್ವಗಳಲ್ಲಿ ಒಂದು. ಬಿಟ್ಟುಹೋದ ಲೇಖನಗಳು ಬೇಗ ಕಣ್ಣಿಗೆ ಬೀಳುವುದೂ ಅವರಿಗೇ.