ದಿವಾಳಿ ಅರ್ಜಿ ಹಾಕುವಾಗ ಕಂತಿನ ಕಾರು: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಕೆಲಸ ಹೋಗಿ, ಕ್ರೆಡಿಟ್ ಕಾರ್ಡುಗಳು ಭರ್ತಿಯಾಗಿ, ಮೇಲೊಂದು ಆಸ್ಪತ್ರೆ ಬಿಲ್ಲು ಬಿದ್ದು ಬ್ಯಾಂಕ್ರಪ್ಸಿ ಲಾಯರ್ ಹತ್ತಿರ ಹೋಗುವ ನಮ್ಮವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಕಾರು ಉಳಿಯುತ್ತಾ ಸರ್?" ಊರಲ್ಲಾದರೆ ಕಾರು ಹೋದರೂ ಬಸ್ಸಿದೆ, ಆಟೋ ಇದೆ, ಭಾವನ ಬೈಕಿದೆ. ಇಲ್ಲಿ ಹಾಲು ತರುವುದಕ್ಕೂ ಗಾಡಿ ತೆಗೆಯಬೇಕು, ಇಂಟರ್‌ವ್ಯೂಗೂ ಗಾಡಿ ಬೇಕು. ಆದ್ದರಿಂದ ನಿಮ್ಮ ಭಯ ನ್ಯಾಯವಾದದ್ದೇ. ಆದರೆ ಆ ಭಯದಲ್ಲಿ ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೇವೆ ಅಂತ ನೋಡದವರನ್ನು ಬಹಳ ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅರ್ಜಿಗೆ ಮುಂಚಿನ 180 ದಿನದೊಳಗೆ ಮಾಡಬೇಕಾದ ಕ್ರೆಡಿಟ್ ಕೌನ್ಸೆಲಿಂಗ್, ಪೇ ಸ್ಟಬ್, ಟ್ಯಾಕ್ಸ್ ರಿಟರ್ನ್ ಎಲ್ಲ ಲಾಯರ್ ಹೇಳಿದ ಹಾಗೆ ಮಾಡಿ ಮುಗಿಸಿ. ಅರ್ಜಿ ದಾಖಲಾದ ಕ್ಷಣದಿಂದ ವಸೂಲಿ ಫೋನು, ರಾತ್ರೋರಾತ್ರಿ ಗಾಡಿ ಟೋ ಮಾಡುವುದು ನಿಲ್ಲುತ್ತದೆ. ಆದರೆ ಕಾರಿನ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೇ ಇರುತ್ತದೆ. ನಿಮ್ಮದು ಚಾಪ್ಟರ್ 7 (ಕಾನೂನು ಉಳಿಸಿಕೊಳ್ಳಲು ಬಿಡದ ಆಸ್ತಿ ಮಾರಿ, ಉಳಿದ ಸಾಲ ಮನ್ನಾ ಮಾಡುವ ಬಗೆಯ ದಿವಾಳಿ) ಆದರೆ ಕಾರನ್ನು ಏನು ಮಾಡುತ್ತೀರಿ ಅಂತ ನೀವು 30 ದಿನದೊಳಗೆ, ಇಲ್ಲವೇ ಟ್ರಸ್ಟಿಯ (ನಿಮ್ಮ ಅರ್ಜಿ, ಆಸ್ತಿ ಪರಿಶೀಲಿಸಲು ನೇಮಕವಾದವರು) ಮೀಟಿಂಗ್ ದಿನದೊಳಗೆ, ಯಾವುದು ಮೊದಲೋ ಅಷ್ಟರಲ್ಲಿ ಬರೆದುಕೊಡಬೇಕು.

ಸಾಲ ಕೊಟ್ಟ ಕಂಪನಿ ಕಳಿಸುವುದು ರೀಅಫರ್ಮೇಷನ್ ಕಾಗದ. ಸಹಿ ಹಾಕಿದರೆ ಉಳಿದ ಸಾಲವೆಲ್ಲ ಮನ್ನಾ ಆದರೂ ಕಾರಿನ ಸಾಲ ಮಾತ್ರ ಹಳೆಯ ಹಾಗೇ ನಿಮ್ಮ ತಲೆ ಮೇಲೆ ಉಳಿಯುತ್ತದೆ. ಒಂದು ಲೆಕ್ಕ ನೋಡಿ. ಕಾರಿನ ಇವತ್ತಿನ ಬೆಲೆ 11,000 ಡಾಲರ್, ಬಾಕಿ 19,000. ಹೊಸಬರಿಗೆ ಕ್ರೆಡಿಟ್ ಹಿಸ್ಟರಿ ಇಲ್ಲದೆ ದುಬಾರಿ ಬಡ್ಡಿಗೆ ಸಾಲ ಸಿಗುವುದರಿಂದ ಇಂಥ ಅಂತರ ಮಾಮೂಲು. ಸಹಿ ಹಾಕಿ, ಆಮೇಲೆ ಮತ್ತೆ ಕೆಲಸ ಹೋಯಿತು ಅಂದುಕೊಳ್ಳಿ. ಕಾರು ಎಳೆದುಕೊಂಡು ಹೋಗಿ ಹರಾಜು ಹಾಕುತ್ತಾರೆ, ಹರಾಜಿನಲ್ಲಿ ತುಂಬದ ಹಣಕ್ಕೆ ನಿಮ್ಮ ಮೇಲೆ ಕೇಸು ಹಾಕಬಹುದು. ಈ ಅರ್ಜಿ ಹಾಕಿದ ದಿನದಿಂದ 8 ವರ್ಷದೊಳಗೆ ಮತ್ತೊಂದು ಚಾಪ್ಟರ್ 7 ಹಾಕಿ ಆ ಸಾಲದಿಂದ ಬಿಡಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ಆ ಕಾಗದದಲ್ಲಿ ತಿಂಗಳ ಆದಾಯ, ಖರ್ಚು, ಉಳಿಕೆ ಬರೆಯುವ ಜಾಗ ಇದೆ. ಉಳಿಕೆಯಲ್ಲಿ ಕಂತು ಕಟ್ಟಲಾಗದಿದ್ದರೆ ಈ ಒಪ್ಪಂದ ನಿಮಗೆ ಮಿತಿಮೀರಿದ ಹೊರೆ ಅಂತ ಕಾನೂನೇ ಎಣಿಸುತ್ತದೆ, ಜಡ್ಜ್ ಅದನ್ನು ತಳ್ಳಿಹಾಕಬಹುದು. ನಮ್ಮವರು ಅಲ್ಲಿ ಏನು ಮಾಡುತ್ತಾರೆ ಗೊತ್ತೇ? ನಾಲ್ಕು ಜನರ ಮನೆಯ ದಿನಸಿಗೆ 250 ಡಾಲರ್ ಬರೆಯುತ್ತಾರೆ. ಅಪ್ಪ ಅಮ್ಮನಿಗೆ ಪ್ರತಿ ತಿಂಗಳು ಕಳಿಸುವ ದುಡ್ಡನ್ನು ಬರೆಯುವುದೇ ಇಲ್ಲ, ಅದು ಖರ್ಚು ಅಂತ ಅವರಿಗೆ ಅನ್ನಿಸುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮನ್ನು ಕಾಪಾಡಲೆಂದೇ ಇಟ್ಟ ಲೆಕ್ಕ ಅದು. ಸಹಿ ಹಾಕಿಬಿಟ್ಟಿದ್ದರೂ ಡಿಸ್ಚಾರ್ಜ್ (ಕೋರ್ಟು ಸಾಲ ಮನ್ನಾ ಮಾಡುವ ಆದೇಶ) ಆಗುವವರೆಗೆ, ಅಥವಾ ಕಾಗದ ಕೋರ್ಟಿಗೆ ಸೇರಿದ 60 ದಿನದವರೆಗೆ, ಇವೆರಡರಲ್ಲಿ ಯಾವುದು ಕೊನೆಗೋ ಅಲ್ಲಿಯವರೆಗೆ ವಾಪಸ್ ತೆಗೆದುಕೊಳ್ಳಬಹುದು.

ಇನ್ನೊಂದು ದಾರಿ ರಿಡೆಂಪ್ಷನ್. ಬಾಕಿ ಎಷ್ಟೇ ಇರಲಿ, ಕಾರಿನ ಇವತ್ತಿನ ಬೆಲೆಯನ್ನು ಒಂದೇ ಗಂಟಿನಲ್ಲಿ ಕಟ್ಟಿದರೆ ಗಾಡಿ ನಿಮ್ಮದು. ಅಣ್ಣನೋ ಮಾವನೋ ಅಷ್ಟು ಕೊಡಬಲ್ಲರಾದರೆ ಲಾಯರಿಗೆ ಮೊದಲೇ ತಿಳಿಸಿ, ಕೇಳಿ. ಅದೂ ಆಗದಿದ್ದರೆ ಕಾರು ಒಪ್ಪಿಸಿಬಿಡಿ. ಹರಾಜಿನಲ್ಲಿ ತುಂಬದ ಹಣವೂ ಡಿಸ್ಚಾರ್ಜ್‌ನಲ್ಲಿ ಹೋಗುತ್ತದೆ. ಆದರೆ ನಿಮ್ಮ ಸಾಲಕ್ಕೆ ಜೊತೆ ಸಹಿ ಹಾಕಿದ ಗೆಳೆಯನಿದ್ದರೆ ಅವನನ್ನು ಚಾಪ್ಟರ್ 7 ಕಾಪಾಡುವುದಿಲ್ಲ. ಅರ್ಜಿಗೆ ಮುಂಚೆಯೇ ಅವನ ಮನೆಗೆ ಹೋಗಿ ಎದುರು ಕೂತು ಹೇಳಿ. ಕಂಪನಿಯ ಪತ್ರದಿಂದ ಅವನಿಗೆ ಗೊತ್ತಾಗಬಾರದು.

ಸಂಬಳ ಬರುತ್ತಿದ್ದು, ಕಂತು ಮಾತ್ರ ಹಿಂದೆ ಬಿದ್ದಿದ್ದರೆ ಚಾಪ್ಟರ್ 13 ನೋಡಿ. ಬಾಕಿಯನ್ನು 3ರಿಂದ 5 ವರ್ಷದ ಯೋಜನೆಯಲ್ಲಿ ತೀರಿಸುತ್ತೀರಿ. ಮನೆ ಬಳಕೆಗೆ ಸಾಲದಲ್ಲಿ ಕೊಂಡ ಕಾರಿಗೆ 910 ದಿನ ದಾಟಿದ್ದರೆ ಸಾಲವನ್ನು ಕಾರಿನ ಬೆಲೆಗೇ ಇಳಿಸಬಹುದು, ಮಿಕ್ಕದ್ದನ್ನು ಕ್ರೆಡಿಟ್ ಕಾರ್ಡ್ ಸಾಲದ ಹಾಗೆ ಅಡವಿಲ್ಲದ ಸಾಲ ಅಂತ ಎಣಿಸುತ್ತಾರೆ. ಯೋಜನೆ ನಡೆಯುತ್ತಿರುವಷ್ಟು ದಿನ ಜೊತೆ ಸಹಿ ಹಾಕಿದವನಿಗೂ ಬಹುಮಟ್ಟಿಗೆ ರಕ್ಷಣೆ ಇರುತ್ತದೆ.

ಈಗ ನಾನು ಕೈಮುಗಿದು ಕೇಳುವ ವಿಷಯ. ಊರಲ್ಲಿ ಕಷ್ಟ ಬಂದಾಗ ಆಸ್ತಿಯನ್ನು ತಮ್ಮನ ಹೆಸರಿಗೆ ಮಾಡಿಸಿಡುವುದನ್ನು ನಾವೆಲ್ಲ ನೋಡಿ ಬೆಳೆದಿದ್ದೇವೆ. ಇಲ್ಲಿ ಕಾರಿನ ಟೈಟಲ್ (ಮಾಲೀಕತ್ವದ ಕಾಗದ) ಗೆಳೆಯನ ಹೆಸರಿಗೆ ಬದಲಿಸಬೇಡಿ. ಅರ್ಜಿಗೆ ಮುಂಚೆ "ಮನೆಯವರ ಸಾಲ ಮೊದಲು ತೀರಲಿ" ಅಂತ ಭಾವನಿಗೆ ದುಡ್ಡು ಕಟ್ಟಬೇಡಿ. ಹತ್ತಿರದ ಸಂಬಂಧಿಕರಿಗೆ ಹಿಂದಿನ ಒಂದು ವರ್ಷದಲ್ಲಿ ಕೊಟ್ಟದ್ದನ್ನು ಟ್ರಸ್ಟಿ ಅವರಿಂದ ವಾಪಸ್ ಕೇಳಬಹುದು. ಮೈಸೂರಿನ ಸೈಟು, ಪಿತ್ರಾರ್ಜಿತದಲ್ಲಿ ನಿಮ್ಮ ಪಾಲು, ಲಾಕರಿನ ಬಂಗಾರ, ಎಲ್ಲವನ್ನೂ ಪಟ್ಟಿಯಲ್ಲಿ ಬರೆಯಲೇಬೇಕು. ಆಸ್ತಿ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಕಾನೂನಿಗೆ ಒಂದೇ. ಟ್ರಸ್ಟಿ ಪ್ರಮಾಣ ಮಾಡಿಸಿ ಕೇಳುತ್ತಾರೆ, ಬೇಕೆಂದೇ ಮುಚ್ಚಿಟ್ಟರೆ ಅದು ಫೆಡರಲ್ ಅಪರಾಧ. ವೀಸಾದಲ್ಲಿರುವವರಿಗೆ ಸಾಲಕ್ಕಿಂತ ಆ ಅಪರಾಧ ಸಾವಿರ ಪಾಲು ಅಪಾಯ. ದಿವಾಳಿ ಅರ್ಜಿ ಹಾಕಿದ ಒಂದೇ ಕಾರಣಕ್ಕೆ ಯಾರ ವೀಸಾವೂ ರದ್ದಾಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಕಾರಿಗೆ ಅಂಟಿಕೊಳ್ಳುತ್ತಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ ಹಚ್ಚಿಸಿ, ಆ ಫೋಟೋವನ್ನು ಊರಿಗೆ ಕಳಿಸಿರುತ್ತೇವೆ. ಅಮ್ಮ ಅದನ್ನು ಬೀದಿಯವರಿಗೆಲ್ಲ ತೋರಿಸಿರುತ್ತಾರೆ. ಕಾರು ಹೋದರೆ ಇಲ್ಲಿ ನೆಲೆ ನಿಂತಿದ್ದೂ ಸುಳ್ಳಾಯಿತು ಅನ್ನಿಸುತ್ತದೆ. ಅಪ್ಪನಿಗೆ ಫೋನಿನಲ್ಲಿ ಹೇಳುವಾಗ ಗಂಟಲು ಕಟ್ಟುತ್ತದೆ. ಊರಲ್ಲಾಗಿದ್ದರೆ ಸುದ್ದಿ ತಿಳಿದ ಸಂಜೆಯೇ ದೊಡ್ಡಪ್ಪ ಬಂದು ಜಗುಲಿಯಲ್ಲಿ ಕೂರುತ್ತಿದ್ದರು. ಇಲ್ಲಿ ಪಕ್ಕದ ಮನೆಯವರಿಗೂ ಗೊತ್ತಾಗದ ಹಾಗೆ ಎಲ್ಲವೂ ನಡೆದುಹೋಗುತ್ತದೆ. ಮಕ್ಕಳಿಗೆ ಮಾತ್ರ ಗೊತ್ತಾಗುತ್ತದೆ. "ಕಾರು ರಿಪೇರಿಗೆ ಹೋಗಿದೆ" ಅನ್ನಬೇಡಿ, ದೊಡ್ಡವರಾದ ಮೇಲೂ ಅದನ್ನು ನೆನಪಿಟ್ಟಿರುತ್ತಾರೆ. "ಇದರ ಕಂತು ನಮ್ಮ ಕೈಲಿ ಆಗುತ್ತಿಲ್ಲ, ಚಿಕ್ಕದೊಂದು ಹಳೆಯ ಗಾಡಿ ತರುತ್ತೇವೆ" ಅಂದರೆ ಸಾಕು.

ಒಪ್ಪಿಸುವ ಮುನ್ನ ಮಗುವಿನ ಕಾರ್ ಸೀಟು, ಟೋಲ್ ಟ್ಯಾಗು, ಗ್ಯಾರೇಜ್ ರಿಮೋಟು, ಡ್ಯಾಶ್‌ಬೋರ್ಡಿನ ಗಣಪತಿ, ಗ್ಲೋವ್ ಬಾಕ್ಸಿನ ಕಾಗದ ಎಲ್ಲ ತೆಗೆದುಕೊಳ್ಳಿ. ಓಡೊಮೀಟರಿನ ಫೋಟೋ ತೆಗೆಯಿರಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ. ಗಾಡಿ ನಿಮ್ಮ ಕೈಬಿಡುವವರೆಗೆ ಇನ್ಶೂರೆನ್ಸ್ ನಿಲ್ಲಿಸಬೇಡಿ. ಇನ್ನೊಂದು ಗಾಡಿ ಆಗುವವರೆಗೆ ಮಕ್ಕಳಿಗೆ ಶನಿವಾರದ ಕನ್ನಡ ತರಗತಿ ತಪ್ಪಿಸಬೇಡಿ. ಹಿಂದಿನ ರಾತ್ರಿ ಒಂದು ಮೆಸೇಜ್ ಹಾಕಿ, ನಮ್ಮ ವ್ಯಾನು ನಿಮ್ಮ ಮನೆ ಮುಂದಿನಿಂದಲೇ ಹೋಗುತ್ತದೆ.