ಬೇರಿನ ಸುತ್ತಲ ಮಣ್ಣಿನ ಮುದ್ದೆ ಒಡೆಯದಂತೆ ಗಿಡ ಕಿತ್ತು ನೆಡುವುದು

30×40 ಸೈಟಿನ ಮನೆಗಳಲ್ಲಿ ಗಿಡ ತಪ್ಪು ಜಾಗದಲ್ಲಿದೆ ಅನ್ನುವುದು ಗೊತ್ತಾಗುವುದೇ ತಡವಾಗಿ. ಕಾರು ತಂದ ದಿನ ಗೇಟಿನ ಪಕ್ಕದ ದಾಸವಾಳ ಅಡ್ಡ ಬರುತ್ತದೆ. ಮಹಡಿ ಏರಿಸಲು ಹೊರಟಾಗ ಪಾರಿಜಾತದ ಬುಡಕ್ಕೇ ಕಂಬದ ಗುರುತು ಬೀಳುತ್ತದೆ. ಸಂಪಿನ ಗೋಡೆಯಲ್ಲಿ ಬೇರು ಇಣುಕಿದ ಮೇಲೆ, ಸೀಬೆಯನ್ನು ಇಷ್ಟು ಹತ್ತಿರ ನೆಟ್ಟವರು ಯಾರು ಅನ್ನುವ ಜಗಳ. ‘ಕಿತ್ತು ಆ ಕಡೆ ನೆಟ್ಟರಾಯಿತು ಬಿಡಿ’ ಅನ್ನುತ್ತಾನೆ ಮೇಸ್ತ್ರಿ. ಕೀಳುವುದು ಅವನಿಗೆ ಹತ್ತು ನಿಮಿಷದ ಕೆಲಸ. ಗಿಡ ಬದುಕಬೇಕಾದರೆ ಕೆಲಸ ಅದಕ್ಕೆ ಎರಡು ತಿಂಗಳು ಮುಂಚೆಯೇ ಶುರುವಾಗಿರಬೇಕು.

ಮೊದಲು ಯಾವ ಗಿಡ ಅಂತ ನೋಡಿ. ನಂದಬಟ್ಟಲು, ದಾಸವಾಳ, ಕಣಗಿಲೆ, ಕ್ರೋಟನ್, ಮಲ್ಲಿಗೆ ಇವೆಲ್ಲ ಹೇಳಿದ ಮಾತು ಕೇಳುವ ಗಿಡಗಳು. ಕಣಗಿಲೆಯ ಹಾಲು ಮಾತ್ರ ವಿಷ; ಕೈಗವಸು ಹಾಕಿಕೊಳ್ಳಿ, ಕತ್ತರಿಸಿದ ಕೊಂಬೆಗಳನ್ನು ನೀರೊಲೆಗೆ ಹಾಕಬೇಡಿ, ದನದ ಬಾಯಿಗೆ ಸಿಗುವಂತೆ ಬೀದಿಗೂ ಎಸೆಯಬೇಡಿ. ನಿಂಬೆ, ದಾಳಿಂಬೆ, ಸೀಬೆ, ಸಪೋಟ ಮಣಿಕಟ್ಟಿನ ದಪ್ಪದೊಳಗಿದ್ದರೆ ಕಿತ್ತು ನೆಡಬಹುದು. ಕಾಗದದ ಹೂವಿನ ಬೇರು ಮಣ್ಣನ್ನು ಹಿಡಿದುಕೊಳ್ಳುವುದಿಲ್ಲ, ಎತ್ತುವಾಗಲೇ ಉದುರಿಹೋಗುತ್ತದೆ; ಅದಕ್ಕೆ ದುಪ್ಪಟ್ಟು ಜೋಪಾನ ಬೇಕು. ಮಾವು, ಹಲಸು, ಸಂಪಿಗೆಗಳ ತಾಯಿಬೇರು ನೆಟ್ಟಗೆ ಆಳಕ್ಕೆ ಇಳಿಯುವಂಥದ್ದು. ನೆಟ್ಟು ಮೂರು ವರ್ಷ ದಾಟಿದ್ದರೆ ಅವುಗಳ ತಂಟೆಗೆ ಹೋಗದಿರುವುದೇ ವಾಸಿ. ಪಪ್ಪಾಯಿಯನ್ನು ಕೀಳುವುದು ದಂಡ, ಬೀಜ ಹಾಕಿದರೆ ವರ್ಷದೊಳಗೆ ಹೊಸ ಗಿಡ ಕಾಯಿಗೆ ಬರುತ್ತದೆ. ನುಗ್ಗೆಯದ್ದೂ ಅದೇ ಕಥೆ. ಮೂರು ನಾಲ್ಕು ಅಡಿ ಉದ್ದದ, ಕೈ ದಪ್ಪದ ಕೊಂಬೆ ಕಡಿದು ಹೊಸ ಜಾಗದಲ್ಲಿ ನೆಟ್ಟರೆ ಮುಗಿಯಿತು.

ಕೀಳಲಾಗದ ಸೀಬೆ, ದಾಳಿಂಬೆಗೆ ಗೂಟಿ ಇದೆ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದರಲ್ಲಿ ಬೇರು ಬರಿಸುವುದು. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದು ಇಂಚು ಅಗಲ ಸುತ್ತಲೂ ತೊಗಟೆ ಬಿಡಿಸಿ, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಹಿಡಿಯಷ್ಟು ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡು ತುದಿಗಳನ್ನು ಬಿಗಿದು ಕಟ್ಟಿ. ಮಳೆಗಾಲದಲ್ಲಿ ಆರರಿಂದ ಎಂಟು ವಾರಕ್ಕೆ ಬೇರು ಕಾಣುತ್ತದೆ. ಬೇರು ಬಂದ ಕೊಂಬೆಯನ್ನು ಕತ್ತರಿಸಿ ನೆಟ್ಟರೆ, ಹಳೆಯ ಗಿಡ ಹೋದರೂ ಅದೇ ರುಚಿಯ ಹಣ್ಣು ಮನೆಯಲ್ಲೇ ಉಳಿಯುತ್ತದೆ. ಮರ ದೊಡ್ಡದಾಗಿದ್ದರೆ ಇನ್ನೊಂದು ವಿಚಾರ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಕಾಂಪೌಂಡಿನೊಳಗಿನ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಎಲ್ಲಕ್ಕೂ ಇಲ್ಲ. ಕೈ ಹಚ್ಚುವ ಮುಂಚೆ ವೃಕ್ಷಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಕಾಲದ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ ಎರಡು ಹದಗಳಿವೆ. ಸೊಂಟದೆತ್ತರದ ಪೊದೆಗಿಡಗಳನ್ನು ಮೃಗಶಿರಾ ಮಳೆ ಹಿಡಿದು ನೆಲ ಒಂದಡಿ ನೆಂದ ಮೇಲೆ, ಅಂದರೆ ಜೂನ್ ಮಧ್ಯದಿಂದ ಕೀಳಬಹುದು. ದೊಡ್ಡ ಗಿಡಕ್ಕೆ ಆ ಹೊತ್ತು ಅಷ್ಟು ಒಳ್ಳೆಯದಲ್ಲ, ಏಕೆಂದರೆ ಹಿಂದೆಯೇ ಆಷಾಢದ ಗಾಳಿ ಬರುತ್ತದೆ. ಬೇರು ಕಚ್ಚಿಕೊಳ್ಳದ ಗಿಡವನ್ನು ಅದು ಹಗಲಿರುಳೂ ಅಲ್ಲಾಡಿಸುತ್ತದೆ, ಹುಟ್ಟಿದ ಎಳೆಬೇರು ಹುಟ್ಟಿದಲ್ಲೇ ತುಂಡಾಗುತ್ತದೆ. ಹಾಗಾಗಿ ದೊಡ್ಡ ಗಿಡಕ್ಕೆ ಜೂನ್–ಜುಲೈಯಲ್ಲಿ ಬೇರು ಕತ್ತರಿಸಿ ಬಿಟ್ಟು, ಸೆಪ್ಟೆಂಬರಿನಲ್ಲಿ ಉತ್ತರೆ ಮಳೆಯ ಹೊತ್ತಿಗೆ ಜಾಗ ಬದಲಿಸಿ. ಗಾಳಿ ತಗ್ಗಿರುತ್ತದೆ, ಮುಂದೆ ನವೆಂಬರಿನವರೆಗೂ ಆಗಾಗ ಮಳೆ ಸಿಗುತ್ತದೆ, ಬೇಸಿಗೆಗೆ ಐದು ತಿಂಗಳು ಉಳಿದಿರುತ್ತದೆ. ಯುಗಾದಿ ಆಸುಪಾಸು, ಬೀದಿಯ ಹೊಂಗೆಯೆಲ್ಲ ಚಿಗುರಿ ನಿಂತಾಗ, ಯಾವ ಗಿಡವನ್ನೂ ಮುಟ್ಟಬೇಡಿ. ಚಿಗುರು ಎಳೆಯದಾಗಿದ್ದಾಗ ಗಿಡದ ದಾಸ್ತಾನೆಲ್ಲ ಮೇಲೆ ಹೋಗಿರುತ್ತದೆ, ಬೇರಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಎಲೆ ಬಲಿತು ಕಡುಹಸಿರಾಗುವವರೆಗೆ ಕಾಯಬೇಕು. ದೇವಗಣಗಲೆ ಇದಕ್ಕೆ ಹೊರತು. ಎಲೆ ಉದುರಿ ಬೋಳಾಗಿ ನಿಲ್ಲುವ ಜನವರಿ–ಫೆಬ್ರವರಿಯೇ ಅದಕ್ಕೆ ಸರಿ.

ಬೇರನ್ನು ಎಷ್ಟು ದೂರದಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ಒಂದು ದಾರ ಸಾಕು. ನೆಲದಿಂದ ಅರ್ಧ ಅಡಿ ಮೇಲೆ ಕಾಂಡಕ್ಕೆ ದಾರ ಸುತ್ತಿ ಒಂದು ಸುತ್ತಿನ ಅಳತೆ ತೆಗೆದುಕೊಳ್ಳಿ. ಅದರ ಒಂದೂವರೆ ಪಟ್ಟು ದೂರವನ್ನು ತೊಗಟೆಯಿಂದ ಹೊರಕ್ಕೆ ಅಳೆದು ಸುತ್ತಲೂ ಗೆರೆ ಎಳೆಯಿರಿ. ಕಾಂಡ ಎರಡು ಇಂಚು ದಪ್ಪ ಇದ್ದರೆ ದಾರ ಆರು ಇಂಚು ಚಿಲ್ಲರೆ ಬರುತ್ತದೆ, ಗೆರೆ ಬುಡದಿಂದ ಒಂಬತ್ತು ಇಂಚು ಆಚೆ ಬೀಳುತ್ತದೆ. ಒಟ್ಟು ಮಣ್ಣಿನ ಮುದ್ದೆ ಇಪ್ಪತ್ತು ಇಂಚು ಅಗಲ, ಹದಿನೈದು ಹದಿನಾರು ಇಂಚು ಆಳ. ಇಷ್ಟು ಮುದ್ದೆಯೇ ನೂರು ಕಿಲೋ ದಾಟುತ್ತದೆ. ಮೂರು ಇಂಚಿನ ಕಾಂಡವಾದರೆ ಮುನ್ನೂರು ಕಿಲೋ ಆಸುಪಾಸು. ಮನೆಮಂದಿಯ ಕೈಲಾಗುವುದು ಅಲ್ಲಿಗೆ ಮುಗಿಯಿತು ಅಂತ ತಿಳಿಯಿರಿ. ಮುದ್ದೆ ಸಣ್ಣದು ಮಾಡಿ ಭಾರ ಇಳಿಸುತ್ತೇನೆ ಅನ್ನುವುದು ಎಲ್ಲರೂ ಮಾಡುವ ತಪ್ಪು. ನೀರು ಹೀರುವುದು ದಪ್ಪ ಬೇರಲ್ಲ, ತುದಿಯ ಕೂದಲಿನಂಥ ಬೇರು. ಮುದ್ದೆ ಸಣ್ಣದಾದಷ್ಟೂ ಅದೆಲ್ಲ ಹಳೆಯ ಗುಂಡಿಯಲ್ಲೇ ಉಳಿಯುತ್ತದೆ.

ಗೆರೆಯ ಮೇಲೆ ಒಂದು ಸನಿಕೆ ಅಗಲ, ಒಂದೂಕಾಲು ಅಡಿ ಆಳದ ಕಾಲುವೆ ತೋಡಬೇಕು, ಆದರೆ ಒಂದೇ ದಿನಕ್ಕೆ ಸುತ್ತಲೂ ಅಲ್ಲ. ಮೊದಲ ಸಲ ಪೂರ್ವ ಪಶ್ಚಿಮದ ಎರಡು ತುಂಡು, ನಾಲ್ಕು ವಾರ ಬಿಟ್ಟು ಉತ್ತರ ದಕ್ಷಿಣದ ಎರಡು ತುಂಡು. ಸಿಕ್ಕ ಬೇರನ್ನು ಹಾರೆಯಲ್ಲಿ ಜಜ್ಜಬೇಡಿ. ಹೆಬ್ಬೆರಳಿಗಿಂತ ದಪ್ಪದ್ದನ್ನು ಗರಗಸದಲ್ಲಿ, ಸಣ್ಣದನ್ನು ಕತ್ತರಿಯಲ್ಲಿ ನುಣ್ಣಗೆ ಕತ್ತರಿಸಿ. ಜಜ್ಜಿದ ತುದಿ ಕೊಳೆಯುತ್ತದೆ, ನುಣ್ಣಗೆ ಕತ್ತರಿಸಿದ ತುದಿಯ ಹಿಂದಿನಿಂದ ಗೊಂಚಲು ಗೊಂಚಲಾಗಿ ಎಳೆಬೇರು ಒಡೆಯುತ್ತದೆ. ತೋಡಿದ ಮಣ್ಣಿಗೆ ಕಾಲುಭಾಗ ಹಳೆಯ ಗೊಬ್ಬರ ಬೆರೆಸಿ ಕಾಲುವೆ ಮುಚ್ಚಿ ನೀರು ಕೊಡಿ. ಕೊನೆಗೆ ಗಿಡ ಎತ್ತುವ ದಿನ ಈ ಕಾಲುವೆಯ ಹೊರಗೆ ನಾಲ್ಕು ಇಂಚು ಬಿಟ್ಟು ಅಗೆಯಬೇಕು, ಇಲ್ಲದಿದ್ದರೆ ಎರಡು ತಿಂಗಳು ಕಾದು ಬೆಳೆಸಿದ ಎಳೆಬೇರನ್ನೇ ಕತ್ತರಿಸಿ ಎಸೆದಂತಾಗುತ್ತದೆ.

ಹೊಸ ಗುಂಡಿಯನ್ನು ಗಿಡ ಕೀಳುವ ಮುಂಚೆ ತೋಡಿಟ್ಟಿರಬೇಕು. ಅಗಲ ಮುದ್ದೆಯ ಎರಡರಷ್ಟು, ಆಳ ಮುದ್ದೆಯಷ್ಟೇ. ಆಳಕ್ಕೆ ತೋಡಿ ತಳಕ್ಕೆ ಸಡಿಲ ಮಣ್ಣು ತುಂಬಿದರೆ ಗಿಡ ಆರು ತಿಂಗಳಲ್ಲಿ ಕುಸಿದು, ಬುಡ ಹೂತುಹೋಗಿ ತೊಗಟೆ ಕೊಳೆಯುತ್ತದೆ. ನಮ್ಮೂರಿನ ನೆಲದಲ್ಲಿ ಇನ್ನೂ ಎರಡು ತಾಪತ್ರಯಗಳಿವೆ. ಮನೆ ಕಟ್ಟಿದ ಮೇಲೆ ಗಾರೆ, ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆಗಳನ್ನೆಲ್ಲ ಕಾಂಪೌಂಡಿನ ಬದಿಗೆ ಎಳೆದು ಮೇಲೆ ಎರಡು ಇಂಚು ಕೆಂಪು ಮಣ್ಣು ಹರಡಿ ಹೋಗಿರುತ್ತಾರೆ. ಅಂಥಲ್ಲಿ ನೆಟ್ಟ ಕರಿಬೇವಿನ ಎಲೆ, ನರ ಹಸಿರಾಗಿದ್ದು ಉಳಿದದ್ದೆಲ್ಲ ಹಳದಿಯಾಗಿ ನಿಲ್ಲುತ್ತದೆ. ಸುಣ್ಣದಂಶ ಕಬ್ಬಿಣವನ್ನು ಬೇರಿಗೆ ದಕ್ಕಲು ಬಿಡುವುದಿಲ್ಲ. ಗಾರೆ ಕಂಡರೆ ಅದನ್ನೆಲ್ಲ ಹೊರಹಾಕಿ ಬೇರೆ ಮಣ್ಣು ತರಿಸಿ. ಎರಡನೆಯದು, ಕೆರೆ ಅಂಗಳದಲ್ಲಿ ಎದ್ದ ಲೇಔಟುಗಳ ಜೇಡಿ. ಗುಂಡಿಗೆ ಒಂದಡಿ ನೀರು ತುಂಬಿ ಮಾರನೆಯ ದಿನ ನೋಡಿ. ನೀರು ಹಾಗೇ ನಿಂತಿದ್ದರೆ ಆ ಜಾಗ ಬೇಡ, ಅಥವಾ ದಿಬ್ಬ ಮಾಡಿ ನೆಡಿ. ಹಾರೆ ಏಟಿಗೆ ಗುಂಡಿಯ ಗೋಡೆ ಮಡಕೆಯ ಒಳಮೈಯಂತೆ ನುಣುಪಾಗಿದ್ದರೆ ಅದನ್ನು ಕೆರೆದು ಒರಟು ಮಾಡಬೇಕು.

ಇನ್ನು ಎತ್ತುವ ದಿನ. ಮೋಡ ಕವಿದ ಸಂಜೆಯಾದರೆ ಚೆನ್ನ. ಹಿಂದಿನ ದಿನ ಬುಡಕ್ಕೆ ಎರಡು ಬಕೆಟ್ ನೀರು ಬಿಟ್ಟಿರಬೇಕು. ಕೆಂಪು ಮಣ್ಣು ಒಣಗಿದ್ದರೆ ಮುದ್ದೆ ಪುಡಿಯಾಗುತ್ತದೆ, ತೀರ ನೆಂದಿದ್ದರೆ ಜಾರುತ್ತದೆ. ಒಂದು ಹಿಡಿ ಮಣ್ಣು ಹಿಸುಕಿ ಬಿಟ್ಟರೆ ಉಂಡೆಯಾಗಿ ನಿಲ್ಲಬೇಕು, ಅಂಗೈ ಮಾತ್ರ ಕೆಸರಾಗಬಾರದು. ಅದೇ ಹದ. ಪೂರ್ವಕ್ಕಿರುವ ಕೊಂಬೆಗೆ ಒಂದು ಚಿಂದಿ ಕಟ್ಟಿ, ಹೊಸ ಜಾಗದಲ್ಲೂ ಅದು ಪೂರ್ವಕ್ಕೇ ಇರಲಿ. ಇಷ್ಟು ದಿನ ನೆರಳು ಕಂಡ ತೊಗಟೆಯನ್ನು ಒಮ್ಮೆಗೇ ಪಶ್ಚಿಮದ ಬಿಸಿಲಿಗೆ ತಿರುಗಿಸಿದರೆ ಸೀಳುತ್ತದೆ.

ಸುತ್ತ ಅಗೆದು ತಳವನ್ನು ಬೋಗುಣಿಯ ಹಾಗೆ ಒಳಕ್ಕೆ ಕೊರೆಯುತ್ತ ಬನ್ನಿ. ತಳದ ಬೇರನ್ನು ಕೊನೆಗೆ ಗರಗಸದಲ್ಲಿ ಬಿಡಿಸಿ. ಈಗ ಒಂದು ಸೆಣಬಿನ ಗೋಣಿಚೀಲವನ್ನು ಬಿಚ್ಚಿ ಅರ್ಧಕ್ಕೆ ಸುರುಳಿ ಸುತ್ತಿಕೊಳ್ಳಿ. ಮುದ್ದೆಯನ್ನು ಒಂದು ಕಡೆಗೆ ಮೆಲ್ಲಗೆ ವಾಲಿಸಿ, ಸುರುಳಿಯ ಭಾಗ ಒಳಗೆ ಹೋಗುವಂತೆ ಗೋಣಿಯನ್ನು ಅಡಿಗೆ ತಳ್ಳಿ. ಮತ್ತೆ ಇನ್ನೊಂದು ಕಡೆಗೆ ವಾಲಿಸಿ ಸುರುಳಿಯನ್ನು ಬಿಡಿಸಿ ಎಳೆದುಕೊಳ್ಳಿ. ಹಸುಳೆಯ ಅಡಿಯ ಬಟ್ಟೆ ಬದಲಿಸುವುದೂ ಹೀಗೇ ಅಲ್ಲವೇ. ನಾಲ್ಕು ಮೂಲೆಗಳನ್ನು ಬಿಗಿಯಾಗಿ ಮೇಲಕ್ಕೆಳೆದು ದಬ್ಬಣದಲ್ಲಿ ಹೊಲಿದು, ತೆಂಗಿನ ನಾರಿನ ಹಗ್ಗ ಸುತ್ತಿ. ಎತ್ತುವುದು ಯಾವತ್ತೂ ಗೋಣಿ ಹಿಡಿದು, ಕಾಂಡ ಹಿಡಿದಲ್ಲ. ಕಾಂಡ ಹಿಡಿದು ಜಗ್ಗಿದರೆ ಒಳಗೆ ಬೇರು ಮಣ್ಣಿನಿಂದ ಕಳಚುವ ‘ಟಕ್’ ಸದ್ದು ಕೈಗೇ ಗೊತ್ತಾಗುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಳಸಿದ್ದರೆ ಗುಂಡಿಗೆ ಇಳಿಸಿದ ಮೇಲೆ ಮರೆಯದೆ ತೆಗೆಯಬೇಕು. ಸೆಣಬಾದರೆ ಹಗ್ಗ ಕಡಿದು, ಮೇಲಿನ ಅರ್ಧ ಮಡಚಿ ಕತ್ತರಿಸಿದರೆ ಸಾಕು, ಉಳಿದದ್ದು ಕರಗುತ್ತದೆ.

ತೆಂಗಿನ ಸಸಿಗೆ ಇಷ್ಟೆಲ್ಲ ಬೇಡ. ಬುಡದಿಂದ ಹೊಸ ಬೇರು ಬರುತ್ತಲೇ ಇರುತ್ತದೆ, ಒಂದಡಿ ಸುತ್ತ ಮಣ್ಣಿದ್ದರೆ ಆಯಿತು. ಗರಿಗಳನ್ನು ಮೇಲಕ್ಕೆ ಸೇರಿಸಿ ಕಟ್ಟಿ ಸುಳಿ ಕಾಪಾಡಿ. ಸುಳಿ ಮುರಿದರೆ ತೆಂಗು ಹೋದಂತೆಯೇ.

ನೆಡುವಾಗ ಕಾಂಡ ಅಗಲವಾಗಿ ಬೇರಿಗೆ ಸೇರುವ ಜಾಗ ನೆಲದ ಮೇಲೆ ಕಾಣುತ್ತಿರಬೇಕು. ಜೇಡಿಯಲ್ಲಿ ಮುದ್ದೆ ನೆಲಕ್ಕಿಂತ ಎರಡು ಇಂಚು ಎತ್ತರವೇ ಇರಲಿ. ಅಗೆದ ಮಣ್ಣನ್ನೇ ವಾಪಸು ತುಂಬಿ. ಬರೀ ಗೊಬ್ಬರ ತುಂಬಿದರೆ ಬೇರು ಆ ಸುಖ ಬಿಟ್ಟು ಹೊರಗೆ ಬರುವುದಿಲ್ಲ, ಗುಂಡಿಯೂ ಕುಸಿಯುತ್ತದೆ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ, ಗಾಯದ ಬೇರೂ ಸುಡುತ್ತದೆ. ಒಂದು ಹಿಡಿ ಬೇವಿನ ಹಿಂಡಿ ಸಾಕು. ಅರ್ಧ ತುಂಬಿ ನೀರು ಬಿಡಿ, ಗುಳ್ಳೆ ಏಳುವುದು ನಿಂತ ಮೇಲೆ ಉಳಿದರ್ಧ ತುಂಬಿ. ಕಾಲಲ್ಲಿ ಮೆಟ್ಟುವ ಅಭ್ಯಾಸ ಬಿಡಿ, ಮಣ್ಣನ್ನು ಕೂರಿಸುವುದಕ್ಕೆ ನೀರಿದೆ.

ಮೇಲೆ ಎಷ್ಟು ಕತ್ತರಿಸಬೇಕು ಅನ್ನುವುದರಲ್ಲಿ ಒಮ್ಮತವಿಲ್ಲ. ಪೊದೆಗಿಡಗಳನ್ನು ಮೂರರಲ್ಲಿ ಒಂದು ಭಾಗ ಇಳಿಸಬಹುದು. ಮರವಾಗುವ ಗಿಡದ ನೆತ್ತಿ ಮಾತ್ರ ಕಡಿಯಬೇಡಿ. ಮುರಿದ, ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆದರೆ ಸಾಕು. ಬೇರು ಕಟ್ಟಲು ಬೇಕಾದ ಊಟ ತಯಾರಾಗುವುದು ಎಲೆಯಲ್ಲೇ. ನಿಂಬೆ ತೀರ ಬಾಡುತ್ತಿದ್ದರೆ ಕೊಂಬೆ ಬಿಟ್ಟು ಅರ್ಧದಷ್ಟು ಎಲೆ ಕಿತ್ತುಹಾಕಿ. ಮೊಗ್ಗು, ಪೀಚು ಇದ್ದರೆ ಕನಿಕರ ತೋರದೆ ತೆಗೆಯಿರಿ.

ನೀರಿನ ಪಾತಿಯನ್ನು ಮುದ್ದೆಯ ಅಂಚಿಗೆ ಸರಿಯಾಗಿ ಕಟ್ಟಿ. ಸುತ್ತಲ ಮಣ್ಣು ಒದ್ದೆಯಾಗಿದ್ದರೂ ಮುದ್ದೆ ಒಳಗೆ ಒಣಗಿರಬಹುದು, ಏಕೆಂದರೆ ಬೇರಿರುವುದೆಲ್ಲ ಅದರಲ್ಲೇ. ಎರಡು ಇಂಚಿನ ಗಿಡಕ್ಕೆ ಮಳೆ ಇಲ್ಲದ ದಿನ ಒಂದು ಬಕೆಟ್, ಮೊದಲ ವಾರ ದಿನಾ. ಮುಂದೆ ಒಂದು ತಿಂಗಳು ದಿನ ಬಿಟ್ಟು ದಿನ. ಆಮೇಲೆ ಮೊದಲ ಬೇಸಿಗೆ ಮುಗಿಯುವವರೆಗೆ ವಾರಕ್ಕೆರಡು ಸಲ. ಬಿದಿರ ಕಡ್ಡಿಯನ್ನು ನಾಲ್ಕು ಇಂಚು ಚುಚ್ಚಿ ತೆಗೆಯಿರಿ, ಮಣ್ಣು ಅಂಟಿದ್ದರೆ ಅವತ್ತು ನೀರು ಬೇಡ. ಆರ್‌ಒ ಯಂತ್ರ ಹೊರಬಿಡುವ ನೀರು ಬೋರಿನ ಉಪ್ಪನ್ನೆಲ್ಲ ಹೊತ್ತಿರುತ್ತದೆ, ಗಾಯದ ಬೇರಿಗೆ ಅದು ಸಲ್ಲದು. ಬೆಲ್ಲದ ನೀರು ಇರುವೆಗೆ ಹಬ್ಬ, ಗಿಡಕ್ಕೇನಿಲ್ಲ. ರಸಗೊಬ್ಬರ ಎರಡು ತಿಂಗಳು ದೂರವಿರಲಿ. ತರಗೆಲೆಯನ್ನು ಮೂರು ಇಂಚು ದಪ್ಪ ಹಾಸಿ, ಕಾಂಡದ ಸುತ್ತ ಒಂದು ಅಂಗೈ ಅಗಲ ಖಾಲಿ ಬಿಡಿ. ಮುದ್ದೆಯ ಹೊರಗೆ ಎರಡು ಗೂಟ ಹೊಡೆದು, ಹಳೆಯ ಸೈಕಲ್ ಟ್ಯೂಬಿನಲ್ಲಿ ಎಂಟರ ಆಕಾರಕ್ಕೆ ಸಡಿಲವಾಗಿ ಕಟ್ಟಿ, ವರ್ಷಕ್ಕೆ ಬಿಚ್ಚಿ. ಬಿಚ್ಚಲು ಮರೆತ ಕಟ್ಟು ಕಾಂಡವನ್ನು ಕೊರೆಯುತ್ತದೆ.

ಎಲೆ ಉದುರಿತು ಅಂತ ಗಾಬರಿ ಬೇಡ. ಉದುರಿಸುವುದಕ್ಕೂ ಜೀವ ಬೇಕು. ಎಲೆ ಒಣಗಿ, ಅಲ್ಲಾಡಿಸಿದರೂ ಬೀಳದೆ ಕೊಂಬೆಗೇ ಅಂಟಿಕೊಂಡಿದ್ದರೆ ಆ ಕೊಂಬೆ ಹೋಯಿತು. ಅನುಮಾನವಿದ್ದರೆ ಉಗುರಿನಲ್ಲಿ ತೊಗಟೆ ಕೆರೆಯಿರಿ. ಹಸಿರು ತೇವ ಕಂಡರೆ ಕಾಯಿರಿ, ಕಂದು ಕಂಡರೆ ಕೆಳಕ್ಕೆ ಇಳಿಯುತ್ತ ಕೆರೆದು ಹಸಿರು ಸಿಗುವಲ್ಲಿಗೆ ಕತ್ತರಿಸಿ. ಮೂರನೇ ವಾರ ಚಿಗುರಿತು ಅಂತ ಹಿಗ್ಗುವುದೂ ಬೇಡ. ಕಾಂಡದಲ್ಲಿದ್ದ ದಾಸ್ತಾನಿನಿಂದ ಬಂದ ಚಿಗುರು, ಬೇರು ಕಟ್ಟದಿದ್ದರೆ ಮತ್ತೆ ಜೋಲುತ್ತದೆ. ಗಿಡಕ್ಕೆ ನೆರಳು ಬಲೆ ಕಟ್ಟಿದ್ದರೆ ಆ ಹೊತ್ತಿನಲ್ಲಿ ಅದನ್ನು ಇನ್ನೆರಡು ವಾರ ಮುಂದುವರಿಸಿ. ಎಲೆ ಹಳದಿಯಾಗಿ ಮಣ್ಣು ಹುಳಿ ವಾಸನೆ ಹೊಡೆದರೆ ನೀರು ಜಾಸ್ತಿಯಾಗಿದೆ. ಪಾತಿ ಒಡೆದು ಒಂದು ವಾರ ಒಣಗಲು ಬಿಡಿ.

ಹಳೆಯ ಗುಂಡಿಯನ್ನು ಅವತ್ತೇ ಮುಚ್ಚಿ, ನೀರು ನಿಂತರೆ ಸೊಳ್ಳೆ. ಕಿತ್ತದ್ದು ಕರಿಬೇವಾಗಿದ್ದರೆ ಆ ಜಾಗಕ್ಕೆ ತಿಂಗಳೆರಡು ತಿಂಗಳು ಕಲ್ಲು ಹಾಸಬೇಡಿ. ಕತ್ತರಿಸಿ ಬಿಟ್ಟ ಬೇರುಗಳಿಂದ ಮರಿ ಏಳುತ್ತವೆ. ಗೇಣುದ್ದ ಆದ ಮೇಲೆ ತುಂಡು ಬೇರಿನ ಸಮೇತ ಎತ್ತಿ ಕುಂಡಕ್ಕೆ ಹಾಕಿದರೆ, ದೊಡ್ಡದು ಕೈಕೊಟ್ಟರೂ ಒಗ್ಗರಣೆಗೆ ಎಲೆ ಇರುತ್ತದೆ.