ಪುಟ್ ಆನ್ ನನಗೆ ಅರ್ಥವಾದ ಬಗೆ

ಒಬ್ಬರನ್ನು ಮೊದಲ ಸಲ ಭೇಟಿಯಾಗಬೇಕಿತ್ತು. ಹೇಳಿದ ಜಾಗದಲ್ಲಿ ನಿಂತು ಫೋನ್ ಮಾಡಿದೆ. ಗುರುತು ಸಿಗಲಿ ಅಂತ ‘ಐ ಆಮ್ ಪುಟಿಂಗ್ ಆನ್ ಎ ಬ್ಲೂ ಶರ್ಟ್’ ಅಂದೆ. ಪರವಾಗಿಲ್ಲ, ನಿಧಾನವಾಗಿ ಹೊರಡಿ ಅಂದರು ಅವರು. ನಾನಿನ್ನೂ ಮನೆಯಲ್ಲೇ ಅಂಗಿ ಹಾಕಿಕೊಳ್ಳುತ್ತಿದ್ದೇನೆ ಅಂತ ತಿಳಿದಿದ್ದರು.

ತಪ್ಪು ಎಲ್ಲಾಯ್ತು ಅಂತ ಆ ರಾತ್ರಿ ಕೂತು ಯೋಚಿಸಿದೆ. ಕನ್ನಡದಲ್ಲಿ ‘ಹಾಕಿಕೊಳ್ಳುತ್ತಿದ್ದೇನೆ’ ಅಂದರೆ ಕೆಲಸ ಇನ್ನೂ ನಡೆಯುತ್ತಿದೆ. ‘ಹಾಕಿಕೊಂಡಿದ್ದೇನೆ’ ಅಂದರೆ ಅಂಗಿ ಆಗಲೇ ಮೈಮೇಲಿದೆ. ಕ್ರಿಯಾಪದ ಒಂದೇ, ಅದರ ರೂಪ ಮಾತ್ರ ಬೇರೆ ಅಲ್ವಾ? ಇಂಗ್ಲಿಷಿನಲ್ಲಿ ಪದವೇ ಬದಲಾಗಬೇಕು. ಹಾಕಿಕೊಳ್ಳುವ ಕೆಲಸಕ್ಕೆ ಪುಟ್ ಆನ್, ಹಾಕಿಕೊಂಡಿರುವುದಕ್ಕೆ ವೇರ್. ನಾನು ಹೇಳಬೇಕಿದ್ದದ್ದು ‘ಐ ಆಮ್ ವೇರಿಂಗ್’. ಎರಡಕ್ಕೂ ‘ಧರಿಸು’ ಅಂತ ಬಾಯಿಪಾಠ ಮಾಡಿದ್ದೆ, ಗೊಂದಲ ಶುರುವಾಗಿದ್ದೇ ಅಲ್ಲಿ. ಅರ್ಥ ಹೇಳಿಕೊಡುವವರು ‘ಧರಿಸು’ ಅಂತ ಬರೆಸಿ ಸುಮ್ನೆ ಮುಂದೆ ಹೋಗಬಾರದು.

ಮರುದಿನದಿಂದ ಬಟ್ಟೆ ಹಾಕಿಕೊಳ್ಳುವಾಗಲೇ ಜೋರಾಗಿ ಹೇಳತೊಡಗಿದೆ. ತೋಳು ತೂರಿಸುವಾಗ ಪುಟಿಂಗ್ ಆನ್. ಕೊನೆಯ ಗುಂಡಿ ಹಾಕಿದ ಮೇಲೆ ವೇರಿಂಗ್. ಸಂಜೆ ಬಿಚ್ಚುವಾಗ ಟೇಕಿಂಗ್ ಆಫ್. (ಬಿಚ್ಚುವುದಕ್ಕೆ ಪುಟ್ ಆಫ್ ಅನ್ನಬಾರದು, ಅದು ಕೆಲಸವನ್ನು ಮುಂದೂಡುವುದಕ್ಕೆ.) ಎರಡು ವಾರದಲ್ಲಿ ನಾಲಿಗೆಗೆ ಹತ್ತಿತು.

ಜಾಸ್ತಿ ಕಾಡಿದ್ದು ‘ಇಟ್’ ಎಲ್ಲಿ ಬರಬೇಕು ಅನ್ನುವುದು. ‘ಪುಟ್ ಆನ್ ಯುವರ್ ಕೋಟ್’ ಸರಿ, ‘ಪುಟ್ ಯುವರ್ ಕೋಟ್ ಆನ್’ ಕೂಡ ಸರಿ. ಕೋಟಿನ ಬದಲು ಇಟ್ ಬಂದರೆ ಮಾತ್ರ ಅದು ನಡುವೆಯೇ ಇರಬೇಕು: ‘ಪುಟ್ ಇಟ್ ಆನ್’. ‘ಪುಟ್ ಆನ್ ಇಟ್’ ಅನ್ನುವ ಹಾಗಿಲ್ಲ. ಕನ್ನಡಕ, ಪ್ಯಾಂಟು ನಮಗೆ ಒಂದೊಂದೇ. ಇಂಗ್ಲಿಷಿನಲ್ಲಿ ಎರಡೂ ಬಹುವಚನ, ಹಾಗಾಗಿ ‘ಪುಟ್ ದೆಮ್ ಆನ್’. ಇದಕ್ಕೆ ಅಡ್ಡದಾರಿ ಸಿಗಲಿಲ್ಲ, ಹೇಳಿ ಹೇಳಿಯೇ ರೂಢಿಯಾಯಿತು.

ಒಂದು ವಿಷಯದಲ್ಲಿ ಮಾತ್ರ ಇಂಗ್ಲಿಷ್ ನಮಗಿಂತ ಸುಲಭ. ನಾವು ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಅಲ್ಲಿ ಎಲ್ಲಕ್ಕೂ ಪುಟ್ ಆನ್ ಸಾಕು. ಲಿಪ್‌ಸ್ಟಿಕ್, ಸೆಂಟು ಹಚ್ಚಿಕೊಳ್ಳುವುದಕ್ಕೂ ಅದೇ. ತೂಕ ಹೆಚ್ಚಾದರೂ ‘ಪುಟ್ ಆನ್ ವೆಯ್ಟ್’ ಅನ್ನುತ್ತಾರೆ, ಅಲ್ಲಿ ಮಾತ್ರ ವೇರ್ ಬರುವುದೇ ಇಲ್ಲ.